ಕಡಲ ಪ್ರಾಣಿಯ ಮೈಮೇಲಿನ ಬ್ಯಾಕ್ಟೀರಿಯಾ, ಅದರ ಕಿಣ್ವ: ಹಕ್ಕು ಯಾರದ್ದು, ಮಲೆನಾಡಿಗೇನು ಸಂಬಂಧ?

ಯಾವ ದೇಶಕ್ಕೂ ಸೇರದ ಕಡಲಿನ ಬಗ್ಗೆ ದೇಶಗಳು ಮಾಡಿಕೊಂಡ ಮುಕ್ತ ಸಾಗರ ಒಪ್ಪಂದ 2026ರ ಜನವರಿ 17ರಿಂದ ಜಾರಿಗೆ ಬಂದಿದೆ. ಆ ಸುದ್ದಿಯ ಜೊತೆಗೇ ಇನ್ನೊಂದು ಮಾತು ಕೇಳಿಬಂತು: ಸಮುದ್ರದ ‘ಜೀನ್ ಸಂಪತ್ತಿ’ನಿಂದ ಬರುವ ಲಾಭದಲ್ಲಿ ಇನ್ಮುಂದೆ ಎಲ್ಲ ದೇಶಗಳಿಗೂ ಪಾಲು. ಓದಿದವರಿಗೆ ಗೊಂದಲ ಆಗುವುದು ಸಹಜ. ಕಡಲಿನ ಮೀನು ಗೊತ್ತು, ಎಣ್ಣೆ ಗೊತ್ತು, ಉಪ್ಪು ಗೊತ್ತು. ಈ ಜೀನ್ ಸಂಪತ್ತು ಏನು? ಸ್ಪಂಜು ಎಂಬ ಕಡಲ ಪ್ರಾಣಿಯ ಒಳಗೆ, ಸಿಗಡಿ ಚಿಪ್ಪಿನ ಮೇಲೆ ಕೂತ ಬ್ಯಾಕ್ಟೀರಿಯಾದ ವಿಷಯಕ್ಕೆ ದೇಶಗಳು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಮಾತುಕತೆ ನಡೆಸಿದ್ದು ಯಾಕೆ?

ಚಿಕ್ಕಮಗಳೂರು, ಹಾಸನದ ಕಡೆಯವರಿಗೆ ಇದು ಇನ್ನೂ ದೂರದ ಸುದ್ದಿ ಅನ್ನಿಸಬಹುದು. ಚಾರ್ಮಾಡಿ, ಶಿರಾಡಿ ಹತ್ತಿ ಬರುವ ಮೀನಿನ ಗಾಡಿ ಬಿಟ್ಟರೆ ಕಡಲಿನ ಜೊತೆ ನಮ್ಮ ದಿನದ ವ್ಯವಹಾರ ಕಡಿಮೆ. ಆದರೂ ಈ ವಿಷಯ ಘಾಟಿ ಹತ್ತಿ ಇಲ್ಲಿಗೂ ಬರುತ್ತದೆ. ಒಂದು, ಈ ಬ್ಯಾಕ್ಟೀರಿಯಾಗಳ ಕಿಣ್ವಗಳು ಮಾಡುವ ಕೆಲಸಗಳಲ್ಲಿ ಕೆಲವು ಕಾಫಿ ಸಂಸ್ಕರಣೆಗೆ ನೇರವಾಗಿ ಸೇರಿದವು. ಎರಡು, ಕಡಲಿನ ಬ್ಯಾಕ್ಟೀರಿಯಾ ಯಾರದ್ದು ಅನ್ನುವ ಪ್ರಶ್ನೆಯೇ ಬಾಬಾಬುಡನ್‌ಗಿರಿಯ ಮಣ್ಣಿನ ಬ್ಯಾಕ್ಟೀರಿಯಾಕ್ಕೂ ಇದೆ. ಎರಡೂ ಕಡೆ ಗಂಟು ಬಿದ್ದಿರುವುದು ಒಂದೇ ಜಾಗದಲ್ಲಿ: ಅದು ಸಿಕ್ಕಿದ್ದು ಎಲ್ಲಿ ಅನ್ನುವ ವಿಳಾಸ ದಾರಿಯಲ್ಲಿ ಕಳೆದುಹೋಗುತ್ತದೆ.

ಕಿಣ್ವ ಮಾಡುವ ಕೆಲಸ

ಅನ್ನವನ್ನು ಬಾಯಲ್ಲಿ ತುಂಬ ಹೊತ್ತು ಅಗಿದರೆ ಸಣ್ಣಗೆ ಸಿಹಿಯಾಗುತ್ತದೆ ಅಲ್ವಾ? ಎಂಜಲಿನಲ್ಲಿರುವ ಕಿಣ್ವ ಅನ್ನದ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತಿರುತ್ತದೆ. ಕಿಣ್ವ ಒಂದು ಪ್ರೋಟೀನು. ಅದಕ್ಕೆ ಜೀವ ಇಲ್ಲ. ಒಂದು ನಿರ್ದಿಷ್ಟ ವಸ್ತುವನ್ನು ಹಿಡಿಯುತ್ತದೆ, ಒಡೆಯುತ್ತದೆ ಇಲ್ಲವೇ ಜೋಡಿಸುತ್ತದೆ, ಬಿಟ್ಟು ಮುಂದಿನದನ್ನು ಹಿಡಿಯುತ್ತದೆ. ತಾನು ಖರ್ಚಾಗುವುದಿಲ್ಲ. ಹಾಗಾಗಿಯೇ ಚಿಟಿಕೆ ಕಿಣ್ವ ರಾಶಿ ಕೆಲಸ ಮಾಡುತ್ತದೆ.

ಬಟ್ಟೆ ಪುಡಿಯಲ್ಲಿ ಬೆವರು, ಸಾರಿನ ಕಲೆ ತೆಗೆಯುವ ಕಿಣ್ವ ಇರುತ್ತದೆ. ಜವಳಿ ಕಾರ್ಖಾನೆಯಲ್ಲಿ ಹತ್ತಿ ಬಟ್ಟೆಯ ಮೇಲಿನ ಸಣ್ಣ ಜುಂಗು ತೆಗೆದು ನುಣುಪು ಮಾಡುವುದಕ್ಕೆ, ಹಣ್ಣಿನ ರಸ ತಿಳಿ ಮಾಡುವುದಕ್ಕೆ, ಚೀಸಿಗೆ ಹಾಲು ಒಡೆಯುವುದಕ್ಕೆ ಎಲ್ಲಕ್ಕೂ ಬೇರೆ ಬೇರೆ ಕಿಣ್ವ. ಇವತ್ತು ಮಾರುಕಟ್ಟೆಯಲ್ಲಿ ಇರುವುದರಲ್ಲಿ ಬಹುಪಾಲು ನೆಲದ ಮೇಲಿನ ಶಿಲೀಂಧ್ರ, ಬ್ಯಾಕ್ಟೀರಿಯಾದಿಂದ ಬಂದವು. ಗಿಡಮರದ ನಾರಾದ ಸೆಲ್ಯುಲೋಸ್ ಒಡೆಯುವ ಹೆಸರಾಂತ ಶಿಲೀಂಧ್ರ ಟ್ರೈಕೋಡರ್ಮಾ ರೀಸಿ ಸಿಕ್ಕಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಸಾಲೊಮನ್ ದ್ವೀಪದಲ್ಲಿ ಅಮೆರಿಕದ ಸೇನೆಯ ಬಟ್ಟೆ, ಡೇರೆಗಳು ಕೊಳೆಯುತ್ತಿದ್ದಾಗ. ನಮ್ಮ ಬೆಳೆಗಾರರು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸುವ ಟ್ರೈಕೋಡರ್ಮಾದ ದಾಯಾದಿ ಅದು.

ಮತ್ತೆ ಸಮುದ್ರಕ್ಕೆ ಯಾಕೆ ಹೋಗಬೇಕು? ಅಲ್ಲಿನ ಸ್ಥಿತಿಗಳೇ ಬೇರೆ. ಆಳದ ನೀರು 2ರಿಂದ 4 ಡಿಗ್ರಿ ಸೆಲ್ಸಿಯಸ್ ತಣ್ಣಗೆ. ಉಪ್ಪು ಶೇ 3.5ರಷ್ಟು. ಅಲ್ಲಿ ಬದುಕುವ ಬ್ಯಾಕ್ಟೀರಿಯಾದ ಕಿಣ್ವ ಚಳಿಯಲ್ಲೂ ಕೈಕಟ್ಟಿ ಕೂರುವಂತಿಲ್ಲ, ಉಪ್ಪಿನಲ್ಲೂ ಕೆಡುವಂತಿಲ್ಲ. ತಣ್ಣೀರಿನಲ್ಲೇ ಬಟ್ಟೆ ಒಗೆಯಬೇಕು, ಉಪ್ಪು ಬೆರೆತ ದ್ರಾವಣದಲ್ಲೇ ಕೆಲಸ ಆಗಬೇಕು ಅನ್ನುವ ಕಾರ್ಖಾನೆಗಳಿಗೆ ಇದು ಬೇಕಾದ ಗುಣ.

ನೀರಿಗಿಂತ ಪ್ರಾಣಿಯ ಮೈ ಯಾಕೆ?

ತೆರೆದ ಕಡಲಿನಲ್ಲಿ ತೇಲುವ ಬ್ಯಾಕ್ಟೀರಿಯಾಕ್ಕೆ ಊಟ ಸಿಗುವುದು ಅಪರೂಪ. ಪ್ರಾಣಿಯ ಮೈಮೇಲೆ, ಹೊಟ್ಟೆಯೊಳಗೆ ಊಟ ಒಂದೇ ಕಡೆ ರಾಶಿ ಬೀಳುತ್ತದೆ. ಸ್ಪಂಜು ಕೂತಲ್ಲೇ ಕೂತು ದಿನಕ್ಕೆ ಸಾವಿರಾರು ಲೀಟರ್ ನೀರನ್ನು ಮೈಯಲ್ಲಿ ಸೋಸುತ್ತದೆ. ಕೆಲವು ಜಾತಿಯ ಸ್ಪಂಜುಗಳ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬ್ಯಾಕ್ಟೀರಿಯಾಗಳೇ ಇರುತ್ತವೆ. ಸಿಗಡಿ, ಏಡಿಯ ಚಿಪ್ಪು ಕೈಟಿನ್ ಎಂಬ ಗಟ್ಟಿ ವಸ್ತುವಿನದ್ದು. ಅದರ ಮೇಲೆ ಕೂತ ಬ್ಯಾಕ್ಟೀರಿಯಾಕ್ಕೆ ಕೈಟಿನ್ ಒಡೆಯುವ ಕೈಟಿನೇಸ್ ಕಿಣ್ವ ಇದ್ದರೆ ಮಾತ್ರ ಬದುಕು. ಪಾಚಿ ತಿನ್ನುವ ಚಿಪ್ಪುಜೀವಿಯ ಹೊಟ್ಟೆಯಲ್ಲಿರುವುದಕ್ಕೆ ಪಾಚಿಯ ಲೋಳೆ ಕರಗಿಸುವ ಕಿಣ್ವ ಬೇಕು. ಯಾವ ಪ್ರಾಣಿ ಏನು ತಿನ್ನುತ್ತದೆ ಅಂತ ನೋಡಿದರೆ ಎಲ್ಲಿ ಯಾವ ಕಿಣ್ವ ಸಿಗಬಹುದು ಅನ್ನುವ ಅಂದಾಜು ಸಿಗುತ್ತದೆ. ಕಣ್ಣುಮುಚ್ಚಿ ನೀರು ಮೊಗೆಯುವುದಕ್ಕಿಂತ ಇದು ಸುಲಭದ ದಾರಿ.

ಈ ವಿಷಯದಲ್ಲಿ ಎಲ್ಲಕ್ಕಿಂತ ಚೆಂದದ ಉದಾಹರಣೆ ಹಡಗುಹುಳು. ಅರೇಬಿಕಾ ತೋಟ ಇರುವವರಿಗೆ ಇದನ್ನು ವಿವರಿಸುವುದು ಕಷ್ಟ ಇಲ್ಲ. ಬಿಳಿ ಕಾಂಡಕೊರಕ ಹಿಡಿದ ಗಿಡವನ್ನು ಕಿತ್ತು ಸೀಳಿದರೆ ಒಳಗೆ ಸುತ್ತುಬಳಸಿದ ಸುರಂಗ ಕಾಣುತ್ತದೆ, ಅದರ ತುಂಬ ಗಟ್ಟಿಯಾಗಿ ತುಂಬಿದ ಮರದ ಪುಡಿ. ಸಮುದ್ರದಲ್ಲಿ ಬಿದ್ದ ಮರದ ದಿಮ್ಮಿ, ಮರದ ದೋಣಿಯ ತಳ ಸೀಳಿದರೂ ಹೆಚ್ಚುಕಡಿಮೆ ಇದೇ ನೋಟ. ಆದರೆ ಅಲ್ಲಿ ಸುರಂಗದ ಗೋಡೆಗೆ ಸುಣ್ಣದ ತೆಳು ಗಿಲಾವು ಇರುತ್ತದೆ. ಕೊರೆದದ್ದು ಹುಳುವೂ ಅಲ್ಲ. ಕರಾವಳಿಯವರು ಸುಕ್ಕ ಮಾಡುವ ಮರುವಾಯಿಯ ಜಾತಿಯ ಚಿಪ್ಪುಜೀವಿ ಅದು. ಮೈ ಉದ್ದ ಬೆಳೆದು ಹುಳುವಿನ ಹಾಗಾಗಿದೆ. ತುದಿಯಲ್ಲಿ ಉಳಿದ ಎರಡು ಪುಟ್ಟ ಚಿಪ್ಪುಗಳೇ ಅದರ ಉಳಿ.

ಕೊರೆದ ಮರವನ್ನು ಅದು ತಿನ್ನುತ್ತದೆ. ಮರ ಅರಗಿಸುವುದು ಸುಲಭದ ಮಾತಲ್ಲ. ಸಹಾಯಕ್ಕೆ ಇರುವುದು ಟೆರೆಡಿನಿಬ್ಯಾಕ್ಟರ್ ಟರ್ನೆರೆ ಎಂಬ ಬ್ಯಾಕ್ಟೀರಿಯಾ. 1983ರಲ್ಲಿ ವಿಜ್ಞಾನಿಗಳು ಇದನ್ನು ಹಡಗುಹುಳುವಿನಿಂದ ಬೇರ್ಪಡಿಸಿ ಬೆಳೆಸಿದಾಗ ಎರಡು ಗುಣ ಒಟ್ಟಿಗೆ ಕಂಡವು. ಅದು ಸೆಲ್ಯುಲೋಸ್ ಒಡೆಯುತ್ತದೆ. ಜೊತೆಗೆ, ದ್ವಿದಳ ಗಿಡದ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾದ ಹಾಗೆ ಸಾರಜನಕವನ್ನೂ ಹಿಡಿದುಕೊಡುತ್ತದೆ. ಮರದಲ್ಲಿ ಸಾರಜನಕ ತೀರಾ ಕಮ್ಮಿ. ಹಾಗಾಗಿ ಹಡಗುಹುಳುವಿಗೆ ಎರಡೂ ಬೇಕು.

ವಿಚಿತ್ರ ಏನೆಂದರೆ ಈ ಬ್ಯಾಕ್ಟೀರಿಯಾ ಇರುವುದು ಹೊಟ್ಟೆಯಲ್ಲಿ ಅಲ್ಲ, ಕಿವಿರಿನ ಜೀವಕೋಶಗಳ ಒಳಗೆ. ಕಿಣ್ವ ಅಲ್ಲಿ ತಯಾರಾಗಿ ಹೊಟ್ಟೆಗೆ ಸಾಗುತ್ತದೆ ಅನ್ನುವುದನ್ನು 2014ರಲ್ಲಿ ತೋರಿಸಿದರು. ಮರ ಅರಗುವ ಜಾಗದಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ ಇರುವುದರಿಂದ, ಬಂದ ಸಕ್ಕರೆಯನ್ನು ಅವು ತಿಂದು ಮುಗಿಸುವುದಿಲ್ಲ, ಪ್ರಾಣಿಗೇ ಸಿಗುತ್ತದೆ. ಕಾರ್ಖಾನೆಯವರಿಗೂ ಬೇಕಾದದ್ದು ಇದೇ. ಹೊಟ್ಟು, ಕಬ್ಬಿನ ಸಿಪ್ಪೆಯಿಂದ ಸಕ್ಕರೆ ತೆಗೆದು ಇಂಧನ ಮಾಡುವವರ ತಲೆನೋವು ಅಂದರೆ ಬಂದ ಸಕ್ಕರೆ ಬೇಡದ ಸೂಕ್ಷ್ಮಜೀವಿಗಳ ಪಾಲಾಗುವುದು. ಒಂದು ಮೃದ್ವಂಗಿ ಅದನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡಿದೆ.

2009ರಲ್ಲಿ ಈ ಬ್ಯಾಕ್ಟೀರಿಯಾದ ಪೂರ್ತಿ ಜೀನ್ ಪಟ್ಟಿ ಹೊರಬಂತು. ಸೆಲ್ಯುಲೋಸ್ ಅಷ್ಟೇ ಅಲ್ಲದೆ ಮರದಲ್ಲಿರುವ ಕ್ಸೈಲಾನ್, ಮ್ಯಾನನ್ ಎಂಬ ಸಕ್ಕರೆ ಸರಪಳಿಗಳನ್ನು ಒಡೆಯುವ ಕಿಣ್ವಗಳ ಜೀನುಗಳೂ ಅದರಲ್ಲಿದ್ದವು. ಈ ಮ್ಯಾನನ್ ಎಂಬ ಹೆಸರು ನೆನಪಿರಲಿ. ಕಾಫಿ ಬೀಜದ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಪ್ರಾಣಿ ಹಿಡಿಯುವುದು ಒಂದೇ ಸಲ

ಕಿಣ್ವ ಬೇಕಾದರೆ ಕಡಲಿನಿಂದ ಟನ್‌ಗಟ್ಟಲೆ ಸ್ಪಂಜು, ಸಿಗಡಿ ಬಾಚಬೇಕು ಅನ್ನುವ ಭಯ ಇದೆ. ಔಷಧದ ವಿಷಯದಲ್ಲಿ ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಹ್ಯಾಲಿಕಾಂಡ್ರಿನ್ ಎಂಬ ಕ್ಯಾನ್ಸರ್ ವಿರೋಧಿ ವಸ್ತುವಿಗಾಗಿ ನ್ಯೂಜಿಲೆಂಡಿನಲ್ಲಿ ಒಂದು ಟನ್ ಸ್ಪಂಜು ತೆಗೆದರೆ ಸಿಕ್ಕಿದ್ದು ಸುಮಾರು 300 ಮಿಲಿಗ್ರಾಂ. ಕಿಣ್ವದ ದಾರಿ ಹಾಗಲ್ಲ. ಕಿಣ್ವ ಪ್ರೋಟೀನು ಆದ್ದರಿಂದ ಅದನ್ನು ಮಾಡುವ ವಿಧಾನ ಒಂದು ಜೀನಿನಲ್ಲಿ ಬರೆದಿರುತ್ತದೆ. ಪ್ರಾಣಿಯ ಮೈಯಿಂದ ಹತ್ತಿಯಲ್ಲಿ ಒರೆಸಿದಷ್ಟು ಮಾದರಿ ಸಾಕು. ಅದರೊಳಗಿನ ಡಿಎನ್‌ಎ ಓದುತ್ತಾರೆ. ಬೇಕಾದ ಜೀನನ್ನು ಸುಲಭವಾಗಿ ಬೆಳೆಯುವ ಬೇರೆ ಬ್ಯಾಕ್ಟೀರಿಯಾಕ್ಕೋ ಯೀಸ್ಟಿಗೋ ಸೇರಿಸುತ್ತಾರೆ. ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ಸಕ್ಕರೆ ನೀರು, ಗಾಳಿ ಕೊಟ್ಟು ಅದನ್ನು ಬೆಳೆಸುತ್ತಾರೆ. ಕಿಣ್ವ ಆ ಟ್ಯಾಂಕಿನಿಂದ ಬರುತ್ತದೆ.

ಡಿಎನ್‌ಎ ಓದುವ ದಾರಿ ಮುಖ್ಯ ಆಗಿದ್ದಕ್ಕೆ ಇನ್ನೊಂದು ಕಾರಣ ಇದೆ. ಕಡಲಿನ ಬ್ಯಾಕ್ಟೀರಿಯಾಗಳಲ್ಲಿ ಪ್ರಯೋಗಾಲಯದ ತಟ್ಟೆಯ ಮೇಲೆ ಬೆಳೆಯುವುದು ಶೇ 1ರಷ್ಟು ಅಂತ ಬಹುಕಾಲದ ಅಂದಾಜು. ಉಳಿದವಕ್ಕೆ ಆ ಪ್ರಾಣಿಯ ಮೈಯೇ ಬೇಕು. ಬೆಳೆಸದೆಯೇ ಜೀನು ಓದುವ ತಂತ್ರ ಬಂದ ಮೇಲೆ ಉಳಿದ 99 ಪಾಲೂ ಓದಲು ಸಿಕ್ಕಂತಾಯಿತು.

ಇಲ್ಲೇ ಸಮಸ್ಯೆಯೂ ಹುಟ್ಟಿತು. ಜೀನು ಅಂದರೆ ನಾಲ್ಕು ಅಕ್ಷರಗಳ ಉದ್ದದ ಸಾಲು. ಅದನ್ನು ಕಂಪ್ಯೂಟರಿಗೆ ಹಾಕಿದರೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆ ಸಾಲನ್ನು ನೋಡಿ ಜೀನನ್ನು ಹೊಸದಾಗಿ ತಯಾರಿಸಿ ಕೊಡುವ ಕಂಪನಿಗಳಿವೆ. ಮಂಗಳೂರಿನ ತೀರದ ಸ್ಪಂಜಿನ ಬ್ಯಾಕ್ಟೀರಿಯಾದ ಕಿಣ್ವವನ್ನು ಸಮುದ್ರ ಕಾಣದ ಊರಿನಲ್ಲಿ ಕೂತು ಮಾಡಬಹುದು. ಗಡಿ ದಾಟಿದ್ದು ಮೀನೂ ಅಲ್ಲ, ಬಾಟಲಿಯೂ ಅಲ್ಲ, ಬರೀ ಮಾಹಿತಿ. ಬಂದರಿನಲ್ಲಿ ತಪಾಸಣೆ ಮಾಡುವವರು ಏನನ್ನು ಹಿಡಿಯಬೇಕು?

ವಿಳಾಸ ಇಲ್ಲದ ಲಾಭ

ಇದಕ್ಕೆ ಹಳೆಯ ಪಾಠ ಒಂದಿದೆ, ಸಮುದ್ರದ್ದಲ್ಲ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಯಲ್ಲಿ 1960ರ ದಶಕದಲ್ಲಿ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದರ ಕಿಣ್ವ ಕುದಿಯುವ ಮಟ್ಟದ ಬಿಸಿಯನ್ನೂ ತಡೆಯುತ್ತದೆ. ಡಿಎನ್‌ಎಯನ್ನು ಕೋಟಿಗಟ್ಟಲೆ ನಕಲು ಮಾಡುವ ಪಿಸಿಆರ್ ಪರೀಕ್ಷೆಗೆ ಅದೇ ಆಧಾರವಾಯಿತು. ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಅಂತ ಎಲ್ಲರ ಬಾಯಲ್ಲೂ ಬಂದದ್ದು ಇದರ ಮುಂದುವರಿಕೆಯೇ. ಪಿಸಿಆರ್ ಹಕ್ಕನ್ನು ಸೀಟಸ್ ಕಂಪನಿ 30 ಕೋಟಿ ಡಾಲರಿಗೆ ರೋಶ್ ಕಂಪನಿಗೆ ಮಾರಿತು. ಉದ್ಯಾನಕ್ಕೆ ಅದರಲ್ಲಿ ಏನೂ ಬರಲಿಲ್ಲ. ಯಾರೂ ಕದ್ದಿರಲಿಲ್ಲ, ಪಾಲು ಕೇಳುವುದಕ್ಕೆ ಆಗ ನಿಯಮವೇ ಇರಲಿಲ್ಲ.

ಸಮುದ್ರದ ಲೆಕ್ಕ ಇನ್ನೂ ಎದ್ದು ಕಾಣುತ್ತದೆ. ಕಡಲ ಜೀವಿಗಳ ಜೀನುಗಳ ಮೇಲಿನ ಪೇಟೆಂಟುಗಳನ್ನು 2018ರಲ್ಲಿ ಒಂದು ಅಧ್ಯಯನ ಎಣಿಸಿತು. 862 ಜೀವಿಗಳ ಸುಮಾರು 13 ಸಾವಿರ ಜೀನ್ ಸಾಲುಗಳು. ಅದರಲ್ಲಿ ಶೇ 47ರಷ್ಟನ್ನು ನೋಂದಾಯಿಸಿದ್ದು ಒಂದೇ ಕಂಪನಿ, ಜರ್ಮನಿಯ ಬಿಎಎಸ್‌ಎಫ್. ಶೇ 98ರಷ್ಟು ಹತ್ತೇ ದೇಶಗಳ ಕೈಯಲ್ಲಿ. ಪೇಟೆಂಟ್ ಇದ್ದ ಮಾತ್ರಕ್ಕೆ ದುಡ್ಡು ಬಂತು ಅಂತ ಅರ್ಥ ಅಲ್ಲ, ಎಷ್ಟೋ ಕಡತದಲ್ಲೇ ಉಳಿಯುತ್ತವೆ. ಆದರೂ ಆಳ ಕಡಲಿಗೆ ಇಳಿಯುವ ಹಡಗು, ಯಂತ್ರ, ಪ್ರಯೋಗಾಲಯ ಯಾರ ಹತ್ತಿರ ಇದೆ ಅನ್ನುವುದನ್ನು ಈ ಅಂಕಿ ತೋರಿಸುತ್ತದೆ.

ಒಪ್ಪಂದದಲ್ಲಿ ಏನಿದೆ, ಜಗಳ ಯಾವುದಕ್ಕೆ

ಕರಾವಳಿಯಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ.ವರೆಗೆ ಆಯಾ ದೇಶದ ವಿಶೇಷ ಆರ್ಥಿಕ ವಲಯ. ಅದರಾಚೆ ಯಾರ ದೇಶವೂ ಅಲ್ಲ. ಭೂಮಿಯ ಕಡಲಿನ ಸುಮಾರು ಮೂರನೇ ಎರಡು ಪಾಲು ಇಂಥ ಮುಕ್ತ ಸಾಗರ. 2023ರ ಜೂನ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಈ ಒಪ್ಪಂದ ಆ ಭಾಗಕ್ಕೆ ಮಾತ್ರ ಅನ್ವಯ. 2025ರ ಸೆಪ್ಟೆಂಬರ್‌ನಲ್ಲಿ 60 ದೇಶಗಳ ಅನುಮೋದನೆ ಸಿಕ್ಕಿ ಜಾರಿಯ ದಾರಿ ತೆರೆಯಿತು. ಭಾರತ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದೆ. ಸಹಿ ಬೇರೆ, ಅನುಮೋದನೆ ಬೇರೆ. ಒಂದು ದೇಶ ಪೂರ್ತಿ ಬದ್ಧ ಆಗುವುದು ಅನುಮೋದನೆಯ ನಂತರ.

ಮಾತುಕತೆಯಲ್ಲಿ ಎರಡು ವಾದ ಎದುರುಬದುರು ನಿಂತವು. ಅಭಿವೃದ್ಧಿಶೀಲ ದೇಶಗಳು ಹೇಳಿದ್ದು: ಯಾರದ್ದೂ ಅಲ್ಲದ ಕಡಲು ಅಂದರೆ ಮನುಕುಲದ ಎಲ್ಲರ ಆಸ್ತಿ, ಹಡಗು ಇದ್ದವರು ಮೊದಲು ಹೋದರು ಅಂದ ಮಾತ್ರಕ್ಕೆ ಲಾಭ ಅವರೊಬ್ಬರದ್ದೇ ಆಗಬಾರದು. ಮುಂದುವರಿದ ದೇಶಗಳು ಹೇಳಿದ್ದು: ಮುಕ್ತ ಸಾಗರದಲ್ಲಿ ಮೀನು ಹಿಡಿಯುವ ಸ್ವಾತಂತ್ರ್ಯ ಇರುವ ಹಾಗೆ ಸಂಶೋಧನೆಯ ಸ್ವಾತಂತ್ರ್ಯವೂ ಇದೆ, ಸಾವಿರ ಮಾದರಿ ತಂದರೆ ಒಂದು ಉಪಯೋಗಕ್ಕೆ ಬಂದರೆ ಹೆಚ್ಚು, ಆ ಖರ್ಚು ಹಾಕುವವರ ಕೈ ಕಟ್ಟಿದರೆ ಯಾರೂ ಹುಡುಕುವುದಿಲ್ಲ. ಕೊನೆಗೆ ಒಪ್ಪಂದದಲ್ಲಿ ಎರಡೂ ತತ್ವ ಅಕ್ಕಪಕ್ಕ ಕೂತಿವೆ. ಯಾವುದು ಮೇಲು ಅಂತ ಹೇಳಿಲ್ಲ. ಮುಂದಿನ ಜಗಳಗಳು ಅಲ್ಲಿಂದಲೇ ಏಳುತ್ತವೆ.

ಆದರೆ ಕೆಲಸಕ್ಕೆ ಬರುವ ಒಂದು ವ್ಯವಸ್ಥೆ ಒಳಗಿದೆ. ಮಾದರಿ ತರಲು ಹೋಗುವವರು ಮೊದಲೇ, ಸಾಮಾನ್ಯವಾಗಿ ಆರು ತಿಂಗಳು ಮುಂಚೆ ತಿಳಿಸಬೇಕು. ತಂದ ಪ್ರತಿ ಗುಂಪಿಗೆ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. ಆ ಮಾದರಿಯಿಂದ ಓದಿದ ಜೀನಿಗೆ, ಅದರ ಪೇಟೆಂಟಿಗೆ, ಅದರಿಂದ ಆದ ಸರಕಿಗೆ ಆ ಸಂಖ್ಯೆ ಜೊತೆಗೇ ಸಾಗಬೇಕು. ಡಿಜಿಟಲ್ ಮಾಹಿತಿಗೂ ಇದು ಅನ್ವಯ. ಮಾರಾಟದ ದುಡ್ಡಿನಲ್ಲಿ ಎಷ್ಟು ಪಾಲು, ಹೇಗೆ ಅನ್ನುವುದನ್ನು ಸದಸ್ಯ ದೇಶಗಳ ಸಭೆ ತೀರ್ಮಾನಿಸುತ್ತದೆ. ಸುದ್ದಿಯಲ್ಲಿ ‘ಎಲ್ಲರಿಗೂ ಪಾಲು’ ಅಂತ ಬಂದದ್ದು ಸ್ವಲ್ಪ ಅವಸರದ ಮಾತು. ಪಾಲಿನ ಲೆಕ್ಕ ಇನ್ನೂ ಕೂರಿಸಬೇಕಾಗಿದೆ. ಈಗ ಗಟ್ಟಿಯಾಗಿ ಕೈಗೆ ಬಂದಿರುವುದು ಆ ಸಂಖ್ಯೆ. ಅದು ಸಣ್ಣ ವಿಷಯ ಅಲ್ಲ. ಯೆಲ್ಲೊಸ್ಟೋನಿನಲ್ಲಿ ಮಾದರಿಯ ಜೊತೆಗೆ ಇಂಥ ಕಟ್ಟುಪಾಡು ಇದ್ದಿದ್ದರೆ ಕಥೆ ಬೇರೆ ಆಗುತ್ತಿತ್ತು.

ಭಾರತದ ಸ್ಥಾನ ಎರಡೂ ಕಡೆ ಇದೆ. ಪಾಲು ಕೇಳುವ ಗುಂಪಿನಲ್ಲೂ ಇದ್ದೇವೆ, ಹುಡುಕಲು ಹೊರಟವರ ಗುಂಪಿನಲ್ಲೂ ಇದ್ದೇವೆ. 2021ರಲ್ಲಿ ಕೇಂದ್ರ ಸರ್ಕಾರ 4,077 ಕೋಟಿ ರೂಪಾಯಿಯ ಆಳ ಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲು ಮತ್ಸ್ಯ-6000 ಎಂಬ ವಾಹನ ಸಿದ್ಧವಾಗುತ್ತಿರುವುದು ಅದರದ್ದೇ ಭಾಗ. ಆಳದ ಸೂಕ್ಷ್ಮಜೀವಿಗಳ ಹುಡುಕಾಟವೂ ಅದರಲ್ಲಿ ಸೇರಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ತಂದ ಜೈವಿಕ ತಂತ್ರಜ್ಞಾನದ ನೀತಿ ಬಯೋಇ3ಯಲ್ಲಿ ಕಿಣ್ವಗಳ ತಯಾರಿಕೆ, ಕಡಲ ಸಂಶೋಧನೆ ಎರಡೂ ಇವೆ. ನಿಯಮ ತೀರಾ ಬಿಗಿಯಾದರೆ ನಮ್ಮ ವಿಜ್ಞಾನಿಗಳಿಗೂ ತೊಡಕು, ತೀರಾ ಸಡಿಲ ಆದರೆ ನಮ್ಮ ಪಾಲೂ ಇಲ್ಲ. ಹುಡುಕುವ ಹಂತದಲ್ಲಿ ಬಾಗಿಲು ತೆರೆದಿಟ್ಟು, ಮಾರುವ ಹಂತದಲ್ಲಿ ಪಾಲು ಕೇಳುವುದೇ ಸರಿಯಾದ ದಾರಿ ಅನ್ನಿಸುತ್ತದೆ. ಅದಕ್ಕೆ ಮೊದಲಿನಿಂದ ಕೊನೆವರೆಗೆ ವಿಳಾಸ ಉಳಿದಿರಬೇಕು.

ದೇಶದೊಳಗಿನ ನಿಯಮ

ನಮ್ಮ ವಲಯದ ಕಡಲಿಗೆ, ನಮ್ಮ ನೆಲಕ್ಕೆ ಈ ಒಪ್ಪಂದ ಬರುವುದಿಲ್ಲ. ಅಲ್ಲಿ ನಡೆಯುವುದು 2002ರ ಜೀವವೈವಿಧ್ಯ ಕಾಯ್ದೆ. ಉಳ್ಳಾಲದ ಕಡಲಿನ ಸ್ಪಂಜು ಇರಲಿ, ಮುಳ್ಳಯ್ಯನಗಿರಿಯ ಮಣ್ಣು ಇರಲಿ, ಕಾಯ್ದೆ ಒಂದೇ. ವಿದೇಶಿಯರು ತೆಗೆದುಕೊಂಡು ಹೋಗಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಭಾರತದ ಕಂಪನಿಗಳು ವ್ಯಾಪಾರಕ್ಕೆ ಬಳಸುವುದಾದರೆ ರಾಜ್ಯ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು, ಜೈಲಿನ ಬದಲು ದಂಡ ಬಂತು.

2025ರ ಏಪ್ರಿಲ್‌ನಲ್ಲಿ ಹೊರಟ ನಿಯಮದಲ್ಲಿ ಪಾಲಿನ ಲೆಕ್ಕ ಹೀಗಿದೆ. ವರ್ಷದ ವಹಿವಾಟು 5 ಕೋಟಿ ರೂಪಾಯಿವರೆಗೆ ಇದ್ದರೆ ಏನೂ ಕಟ್ಟಬೇಕಿಲ್ಲ. 5ರಿಂದ 50 ಕೋಟಿವರೆಗೆ ಮಾರಾಟ ಬೆಲೆಯ ಶೇ 0.2, 50ರಿಂದ 250 ಕೋಟಿವರೆಗೆ ಶೇ 0.4, ಅದಕ್ಕೂ ಮೇಲೆ ಶೇ 0.6. ಡಿಜಿಟಲ್ ಜೀನ್ ಮಾಹಿತಿಯನ್ನೂ ಈ ನಿಯಮ ಒಳಗೆ ತಂದಿದೆ. ಜಾಗತಿಕ ಮಟ್ಟದಲ್ಲಿ 2025ರ ಫೆಬ್ರುವರಿಯಲ್ಲಿ ಶುರುವಾದ, ಕೊಲಂಬಿಯಾದ ಕಾಲಿ ನಗರದ ಹೆಸರಿನ ‘ಕಾಲಿ ನಿಧಿ’ಯೂ ಇದೇ ಉದ್ದೇಶದ್ದು: ಇಂಥ ಮಾಹಿತಿ ಬಳಸುವ ದೊಡ್ಡ ಕಂಪನಿಗಳು ಲಾಭದ ಶೇ 1 ಅಥವಾ ಆದಾಯದ ಶೇ 0.1 ಕೊಡಬೇಕು ಅನ್ನುತ್ತದೆ. ಆದರೆ ಅದು ಸ್ವಇಚ್ಛೆಯ ಕೊಡುಗೆ. ಬಲವಂತ ಇಲ್ಲದ ಕಡೆ ಎಷ್ಟು ಬರುತ್ತದೆ ಅನ್ನುವ ಅನುಮಾನ ನ್ಯಾಯವಾದದ್ದೇ.

ಪಲ್ಪಿಂಗ್ ಮನೆಯಲ್ಲಿ ಇದು ನಡೆಯುತ್ತಾ?

ಈಗ ಕಾಫಿಗೆ ಬರೋಣ. ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದ ಮೇಲೂ ಬೀಜದ ಮೇಲೆ ಜಾರುವ ಲೋಳೆ ಉಳಿಯುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಪೆಕ್ಟಿನ್. ತೊಟ್ಟಿಯಲ್ಲಿ ಹುಳಿಯಲು ಬಿಟ್ಟರೆ ಅರೇಬಿಕಾಗೆ 24ರಿಂದ 36 ಗಂಟೆ, ರೊಬಸ್ಟಾಗೆ ಇನ್ನೂ ಜಾಸ್ತಿ. ಅಂಗೈಯಲ್ಲಿ ಹಿಡಿದು ಉಜ್ಜಿದಾಗ ಜಾರದೆ ಮರಳಿನ ಹಾಗೆ ಒರಟು ಸಿಕ್ಕರೆ ಲೋಳೆ ಹೋಯಿತು ಅಂತ ಲೆಕ್ಕ. ಪೆಕ್ಟಿನ್ ಒಡೆಯುವ ಪೆಕ್ಟಿನೇಸ್ ಕಿಣ್ವ ಹಾಕಿದರೆ ಈ ಸಮಯ ಬಹಳ ಕಡಿಮೆ ಆಗುತ್ತದೆ.

ಅರೇಬಿಕಾ ಪಲ್ಪಿಂಗ್ ನಡೆಯುವುದು ಚಳಿಗಾಲದಲ್ಲಿ. ಬೆಳಗಿನ ಜಾವ ತೊಟ್ಟಿಯ ನೀರು ಮುಟ್ಟಿದರೆ ಕೈ ಜೋಮು ಹಿಡಿಯುತ್ತದೆ. ಪೇಟೆಯಲ್ಲಿ ಸಿಗುವ ಶಿಲೀಂಧ್ರದ ಪೆಕ್ಟಿನೇಸ್ ಚೆನ್ನಾಗಿ ಓಡುವುದು 40–50 ಡಿಗ್ರಿಯಲ್ಲಿ, ತಣ್ಣೀರಿನಲ್ಲಿ ನಿಧಾನ. ತಣ್ಣನೆಯ ಕಡಲಿನ ಕಿಣ್ವ ಇಲ್ಲಿ ಗೆಲ್ಲಬೇಕು ಅಂತ ಮೊದಲ ನೋಟಕ್ಕೆ ಅನ್ನಿಸುತ್ತದೆ.

ಇಷ್ಟಕ್ಕೇ ನಂಬಿಬಿಡುವ ಹಾಗಿಲ್ಲ. ಲೋಳೆ ಹುಳಿಯುತ್ತಾ ಹೋದಂತೆ ತೊಟ್ಟಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 4ರ ಹತ್ತಿರ ಇಳಿಯುತ್ತದೆ, ಅಂದರೆ ತುಂಬಾ ಹುಳಿ. ಸಮುದ್ರದ ನೀರಿನ ಪಿಎಚ್ ಸುಮಾರು 8. ಅಲ್ಲಿ ಹುಟ್ಟಿದ ಕಿಣ್ವಗಳಲ್ಲಿ ಹೆಚ್ಚಿನವು ಹುಳಿಯಲ್ಲಿ ಸುಮ್ನೆ ಕೂತುಬಿಡುತ್ತವೆ. ಶಿಲೀಂಧ್ರದ ಪೆಕ್ಟಿನೇಸ್‌ಗೆ ಹುಳಿಯೇ ಇಷ್ಟ. ಚಳಿ ತಡೆಯುವ ಗುಣ ಒಂದು ಕಡೆ ಸಿಕ್ಕರೆ ಹುಳಿ ತಡೆಯುವ ಗುಣ ಇನ್ನೊಂದು ಕಡೆ ತಪ್ಪುತ್ತದೆ. ಪ್ರಯೋಗಾಲಯದಲ್ಲಿ ಜೀನನ್ನು ತಿದ್ದಿ ಎರಡನ್ನೂ ಸೇರಿಸಲು ಆಗಬಹುದು, ಆದರೆ ಅದಕ್ಕೆ ವರ್ಷಗಳು ಬೇಕು. ಆಮೇಲೂ ಬೆಲೆಯಲ್ಲಿ ಈಗಿನ ಅಗ್ಗದ ಕಿಣ್ವಕ್ಕೆ ಸರಿಸಮ ಆಗಬೇಕು. ಕಡಲಿನ ಎಷ್ಟೋ ಕಿಣ್ವಗಳು ಸಂಶೋಧನಾ ಪ್ರಬಂಧ ದಾಟಿ ಪೇಟೆಗೆ ಬರದಿರುವುದು ಇಂಥ ಕಾರಣಗಳಿಗೇ. ಹಾಗಾಗಿ ‘ಸಮುದ್ರದ ಕಿಣ್ವ’ ಅಂತ ಚೀಟಿ ಅಂಟಿಸಿಕೊಂಡು ಯಾವುದಾದರೂ ಡಬ್ಬಿ ಬಂದರೆ ಕೇಳಬೇಕಾದ ಮಾತು ಎರಡು: ಎಷ್ಟು ಡಿಗ್ರಿಯಲ್ಲಿ, ಯಾವ ಪಿಎಚ್‌ನಲ್ಲಿ ಕೆಲಸ ಮಾಡುತ್ತದೆ?

ಇನ್‌ಸ್ಟಂಟ್ ಕಾಫಿಯ ಕಥೆ ಹೆಚ್ಚು ಆಶಾದಾಯಕ. ಕಾಫಿ ಬೀಜ ತನ್ನೊಳಗೆ ಕೂಡಿಟ್ಟ ಸಕ್ಕರೆಯ ಮುಖ್ಯ ರೂಪವೇ ಮ್ಯಾನನ್ ಜಾತಿಯದ್ದು. ಡಿಕಾಕ್ಷನ್ ಗಟ್ಟಿ ಮಾಡುತ್ತಾ ಹೋದಂತೆ ಅದು ಅಂಟು ಕಟ್ಟಿಸುತ್ತದೆ, ಯಂತ್ರದಲ್ಲಿ ಹರಿಯುವುದು ಕಷ್ಟ. ಮ್ಯಾನನ್ ಒಡೆಯುವ ಮ್ಯಾನನೇಸ್ ಕಿಣ್ವ ಹಾಕಿದರೆ ತೆಳುವಾಗುತ್ತದೆ. ಕಾರ್ಖಾನೆಯಲ್ಲಿ ಬಿಸಿ, ಹುಳಿ ಎಲ್ಲ ನಮ್ಮ ಹಿಡಿತದಲ್ಲಿರುತ್ತದೆ. ಅಲ್ಲಿಗೆ ತಕ್ಕ ಕಿಣ್ವ ಹುಡುಕುವುದು ತೋಟದ ತೊಟ್ಟಿಗೆ ಹುಡುಕುವುದಕ್ಕಿಂತ ಸುಲಭ.

ಎರಡು ಕೊಳೆರೋಗ, ಒಂದು ಕಿಣ್ವ

ಸಿಗಡಿ ಚಿಪ್ಪಿನ ಬ್ಯಾಕ್ಟೀರಿಯಾದ ಕೈಟಿನೇಸ್‌ನಿಂದ ಬೆಳೆಗಳ ಶಿಲೀಂಧ್ರ ರೋಗ ತಡೆಯಬಹುದು ಅನ್ನುವ ಮಾತೂ ಇದೆ. ತರ್ಕ ಸರಿ: ಶಿಲೀಂಧ್ರದ ಜೀವಕೋಶದ ಗೋಡೆಯಲ್ಲೂ ಕೈಟಿನ್ ಇದೆ. ಆದರೆ ಮಲೆನಾಡಿನಲ್ಲಿ ಒಂದೇ ಹೆಸರಿನ ಎರಡು ರೋಗ ಇರುವುದರಿಂದ ಇಲ್ಲಿ ಎಚ್ಚರ ಬೇಕು.

ಕಾಫಿಯ ಕೊಳೆರೋಗ ನಿಜವಾದ ಶಿಲೀಂಧ್ರದ್ದು. ಅದರ ವೈಜ್ಞಾನಿಕ ಹೆಸರಿಗೆ ನಮ್ಮ ಕನ್ನಡದ ‘ಕೊಳೆರೋಗ’ ಪದವೇ ಸೇರಿಕೊಂಡು ಕೊಳೆರೋಗ ನೋಕ್ಸಿಯಾ ಅಂತ ಆಗಿತ್ತು. ಅದರ ಗೋಡೆಯಲ್ಲಿ ಕೈಟಿನ್ ಇದೆ, ಎಲೆ ತುಕ್ಕಿನ ಶಿಲೀಂಧ್ರದಲ್ಲೂ ಇದೆ. ಅಡಿಕೆಯ ಕೊಳೆರೋಗ ಬರುವುದು ಫೈಟಾಫ್ತೊರಾದಿಂದ. ಕಾಳುಮೆಣಸಿನ ಸೊರಗು ರೋಗಕ್ಕೂ ಅದರದ್ದೇ ಬಳಗ. ನೋಡಲು ಶಿಲೀಂಧ್ರದ ಹಾಗಿದ್ದರೂ ಇದು ಬೇರೆ ವಂಶ. ಇದರ ಗೋಡೆ ಮುಖ್ಯವಾಗಿ ಗ್ಲೂಕನ್, ಸೆಲ್ಯುಲೋಸಿನದ್ದು, ಕೈಟಿನ್ ಅಷ್ಟಕ್ಕಷ್ಟೇ. ಕೈಟಿನೇಸ್‌ಗೆ ಅಲ್ಲಿ ಹಿಡಿಯಲು ಹೆಚ್ಚೇನೂ ಸಿಗುವುದಿಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಬಿಟ್ಟು ಇದನ್ನು ನೆಚ್ಚಿಕೊಂಡರೆ ಮಳೆಗಾಲದಲ್ಲಿ ಫಸಲು ನೆಲಕ್ಕೆ ಬೀಳುತ್ತದೆ.

ತೋಟದಲ್ಲೇ ಇರುವ ಹಡಗುಹುಳು

ಕಾಫಿ ಕಾಯಿ ಕೊರೆಯುವ ಬೆರ್ರಿ ಬೋರರ್ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಆಮೇಲೆ ಕೊಡಗು, ಹಾಸನ, ಚಿಕ್ಕಮಗಳೂರಿಗೂ ಬಂತು. ಎಳ್ಳಿನಷ್ಟು ಕಪ್ಪು ಹುಳು. ಬರೀ ಕಾಫಿ ಬೀಜ ತಿಂದು ಅದು ಹೇಗೆ ಬದುಕುತ್ತದೆ ಅನ್ನುವುದು ದೊಡ್ಡ ಪ್ರಶ್ನೆಯಾಗಿತ್ತು. 2012ರಲ್ಲಿ ಉತ್ತರ ಸಿಕ್ಕಿತು. ಈ ಹುಳುವಿನ ಮೈಯಲ್ಲೇ ಒಂದು ಮ್ಯಾನನೇಸ್ ಜೀನ್ ಇದೆ, ಅದು ಮೂಲತಃ ಬ್ಯಾಕ್ಟೀರಿಯಾದ್ದು. ಯಾವ ಕಾಲದಲ್ಲೋ ಬ್ಯಾಕ್ಟೀರಿಯಾದಿಂದ ಹುಳುವಿಗೆ ಹಾರಿ ಅಲ್ಲೇ ನೆಲೆ ನಿಂತಿದೆ. ಕೆಫೀನ್ ವಿಷವನ್ನು ಒಡೆಯುವ ಕೆಲಸ ಹುಳುವಿನ ಹೊಟ್ಟೆಯ ಬ್ಯಾಕ್ಟೀರಿಯಾಗಳದ್ದು ಅಂತ 2015ರಲ್ಲಿ ಗೊತ್ತಾಯಿತು. ಮರ ತಿನ್ನುವ ಹಡಗುಹುಳು ಬ್ಯಾಕ್ಟೀರಿಯಾವನ್ನು ಕಿವಿರಿನಲ್ಲಿ ಸಾಕಿಕೊಂಡರೆ, ಕಾಫಿ ತಿನ್ನುವ ಈ ಹುಳು ಬ್ಯಾಕ್ಟೀರಿಯಾದ ಜೀನನ್ನೇ ತನ್ನದು ಮಾಡಿಕೊಂಡಿದೆ.

ಅಂದರೆ ಕಡಲಿನಲ್ಲಿ ಹುಡುಕುತ್ತಿರುವಂಥದ್ದೇ ಕಿಣ್ವಗಳು ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲೂ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. 1925ರಿಂದ ಕಾಫಿಯ ಮೇಲೆ ಕೆಲಸ ಮಾಡುತ್ತಿರುವ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೆ. ಕಾಯ್ದೆಯ ಪ್ರಕಾರ ಊರೂರಿನ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಇಡಬೇಕು. ಕೊಳೆತ ಕಾಫಿ ಸಿಪ್ಪೆಯ ಗುಂಡಿಯಿಂದಲೋ ಬೋರರ್ ಹಿಡಿದ ಕಾಯಿಯಿಂದಲೋ ಯಾರಾದರೂ ಮಾದರಿ ಒಯ್ದರೆ ಆ ಪುಸ್ತಕದಲ್ಲಿ ಒಂದು ಸಾಲು ಬರೆಯಬಹುದು: ಯಾವ ಊರು, ಯಾವ ತೋಟ, ಯಾವ ಗಿಡ, ಯಾವ ತಾರೀಕು, ಯಾರು ಒಯ್ದರು. ಹತ್ತು ವರ್ಷದ ಮೇಲೆ ಆ ಬ್ಯಾಕ್ಟೀರಿಯಾದ ಕಿಣ್ವ 60 ಕೋಟಿ ವಹಿವಾಟಿನ ಕಂಪನಿಯ ಡಬ್ಬಿಯಲ್ಲಿ ಪೇಟೆಗೆ ಬಂದರೆ, ಶೇ 0.4ರ ಪಾಲು ಕೇಳಲು ಪಂಚಾಯಿತಿಯ ಕೈಯಲ್ಲಿ ಇರುವ ಆಧಾರ ಆ ಒಂದು ಸಾಲು.